ಬೂದೆಮ್ಮನ ನೆರಳು

ಮಳೆ ಬಿದ್ದ ಮರುದಿನದ ಬೇವಿನ ಹಣ್ಣಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಹಳದಿಯಾಗಿ ಉದುರಿದ ಹಣ್ಣು ಕಾಲಿಗೆ ಸಿಕ್ಕು ಪಿಚಕ್ಕನೆ ಒಡೆದು, ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ ಆದಾಗ ಸಿಹಿಯೂ ಅಲ್ಲದ, ಕಹಿಯೂ ಅಲ್ಲದ, ಬೆಲ್ಲ ಹುಳಿ ಬಂದಂಥ ವಾಸನೆಯೊಂದು ಏಳುತ್ತದೆ. ಮಾನ್ವಿಯಲ್ಲಿ ಸತ್ಯಭಾಮಾಬಾಯಿಯವರ ತಂದೆ ಪೂಜೆಗಿದ್ದ ಗುಡಿಯ ಹಿಂದೆ ಒಂದು ಬೇವಿನ ಮರವಿತ್ತು. ಆಷಾಢ ಬಂತೆಂದರೆ ಅಕ್ಕ ತಂಗಿ ಇಬ್ಬರೂ ಲಂಗ ಎತ್ತಿ ಸಿಕ್ಕಿಸಿಕೊಂಡು ಅದರ ಬೀಜ ಆರಿಸುತ್ತಿದ್ದರು. ಕೈಯೆಲ್ಲ ಅಂಟು. ಎಷ್ಟು ತೊಳೆದರೂ ಊಟಕ್ಕೆ ಕೂತಾಗ ಅನ್ನಕ್ಕೂ ಅದೇ ವಾಸನೆ. ತಂಗಿ ಶ್ರೀಲಕ್ಷ್ಮೀ ಅಂಗೈ ಮೂಸಿ ಮೂಸಿ ನಗುತ್ತಿದ್ದಳು, ಅಮ್ಮ ಬೈಯುತ್ತಿದ್ದಳು.

ಈಗ ಎಪ್ಪತ್ತು ದಾಟಿದ ಸತ್ಯಭಾಮಾಬಾಯಿ ರಾಯಚೂರಿನ ತಮ್ಮ ಮನೆಯ ಹಿತ್ತಿಲಲ್ಲಿ ನಿಂತಿದ್ದರು. ಆಷಾಢವೇ. ರಾತ್ರಿ ಮಳೆಯಾಗಿತ್ತು. ಹಿಂದಿನ ಮನೆಯವರ ಬೇವು ಗೋಡೆ ದಾಟಿ ಈಚೆಗೆ ಬಾಗಿ ಹಣ್ಣು ಉದುರಿಸಿತ್ತು. ಚಪ್ಪಲಿಯ ಕೆಳಗೆ ಒಂದು ಒಡೆದದ್ದು ಗೊತ್ತಾಯಿತು. ವಾಸನೆ ಮಾತ್ರ ಬರಲಿಲ್ಲ. ಬಗ್ಗಿ ಇನ್ನೊಂದನ್ನು ಎತ್ತಿ, ಹಿಚುಕಿ, ಮೂಗಿಗೆ ಹಿಡಿದರು. ಊಹೂಂ. ನೆಗಡಿಯೇನೂ ಆಗಿರಲಿಲ್ಲ.

ಕಳೆದ ಮಾಘದಲ್ಲಿ ಒಂದು ಮುಂಜಾನೆ ಶ್ರೀಲಕ್ಷ್ಮೀ ಹಾಲಿನ ಪಾಕೀಟು ಒಳಗೆ ತಂದಿಟ್ಟು, ‘ಅಕ್ಕಾ, ಸ್ವಲ್ಪ ಕೂಡ್ತೀನಿ’ ಎಂದು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಮದುವೆಯಾದವಳಲ್ಲ. ಸತ್ಯಭಾಮಾಬಾಯಿ ಬಿ.ಎಸ್ಸಿ. ಓದಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಗಂಡ ಬೇಗ ತೀರಿಕೊಂಡ ಮೇಲೆ ತಂಗಿಯ ಜೊತೆ ಸೇರಿ ಈ ಮನೆ ಕಟ್ಟಿಸಿದ್ದರು. ತಂಗಿ ಹೋದ ದಿನ ಬಂದವರೆಲ್ಲ ಅತ್ತರು. ಸತ್ಯಭಾಮಾಬಾಯಿ ಅವರಿಗೆ ಚಾಪೆ ಹಾಸಿದರು, ನೀರು ಕೊಟ್ಟರು. ಅಳು ಆಮೇಲೆ ಬರಬಹುದೆಂದು ಕಾದರು, ಆಮೇಲೂ ಬರಲಿಲ್ಲ. ಬಿಸಿ ಚಹಾ ಬಿಸಿ ಅನ್ನಿಸುವುದು ನಿಂತುಹೋಯಿತು. ಹಸಿವೆಯೂ ಹಾಗೇ. ಅವಲಕ್ಕಿಗೆ ಮೊಸರು ಕಲಸಿ ತಿಂದು ಬಟ್ಟಲು ತೊಳೆದಿಟ್ಟರೆ ಅವತ್ತಿನ ಅಡಿಗೆ ಮುಗಿಯಿತು.

ಮುಂದಿನ ಅಂಗಳಕ್ಕೆ ಬಂದರೆ ಗೇಟಿನ ಪಕ್ಕದ ಮೂಲೆಯಲ್ಲಿ ಆ ತೆಗ್ಗು. ಅಲ್ಲಿ ಮೊದಲು ದೊಡ್ಡ ಬಾದಾಮಿ ಮರವಿತ್ತು. ಹಿಂದಿನ ವರ್ಷದ ವೈಶಾಖದ ಬಿರುಗಾಳಿಗೆ ಬುಡಸಮೇತ ಮಲಗಿತು. ಆ ಮರದ ನೆರಳು ಅರ್ಧ ಒಳಗೆ, ಅರ್ಧ ಕಂಪೌಂಡಿನ ಹೊರಗೆ ಬೀಳುತ್ತಿತ್ತು. ಹೊರಗಿನ ಅರ್ಧ ಬೂದೆಮ್ಮನದು. ದೇವದುರ್ಗದ ಆಚೆ, ಹೊಳೆದಂಡೆಯ ಗೂಗಲ್ಲಿನ ಕಡೆಯಿಂದ ಬಂದು ರಾಯಚೂರಿನಲ್ಲಿ ನೆಲೆನಿಂತ ಬೂದೆಮ್ಮ, ಎಷ್ಟೋ ವರ್ಷಗಳಿಂದ ಆ ಗೋಡೆಗೆ ಬೆನ್ನು ಕೊಟ್ಟು ಪುಂಡಿಪಲ್ಯ, ಮೆಂತೆ, ರಾಜಗಿರಿ ಸೊಪ್ಪು ಮಾರುತ್ತಿದ್ದಳು. ಮರ ಬಿದ್ದ ಮೇಲೆ ಶ್ರೀಲಕ್ಷ್ಮೀ ತಾನೇ ನಿಂತು ತೆಗ್ಗು ತೋಡಿಸಿ ಬೇವಿನ ಸಸಿ ನೆಟ್ಟಳು. ಅದು ಸತ್ತಿತು. ಇನ್ನೊಂದು ನೆಟ್ಟಳು. ಅದೂ ಸತ್ತಿತು. ಆಮೇಲೆ ಅವಳೂ.

ಗೇಟಿನ ಚಿಲಕಕ್ಕೆ ಅವತ್ತೂ ಮೆಂತೆ ಸೊಪ್ಪಿನ ಒಂದು ಸಿವುಡು ತೂಗುಬಿದ್ದಿತ್ತು. ಬೇರಿನ ಮಣ್ಣು ತೊಳೆದದ್ದು. ಬೂದೆಮ್ಮ ಯಾರಿಗೂ ಮಣ್ಣು ತೊಳೆದು ಕೊಡುವವಳಲ್ಲ. ಇವರ ಕೈಗೆ ಸಂಧಿವಾತ ಅಂತ ಗೊತ್ತಾದ ಮೇಲೆ ಹೀಗೆ.

“ಅವ್ವಾರ,” ಎಂದು ಗೋಡೆಯಾಚೆಯಿಂದ ಅವಳ ದನಿ ಬಂತು. “ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ.”

“ಹೇಳು.”

“ಈ ಮಳಿಗಾಲ ಮುಗಿಯೂದ್ರಾಗ ನಾ ಬ್ಯಾರೆ ಕಡಿ ಕುಂದ್ರಾಕ ಹೋಗ್ತೀನ್ರಿ. ಸ್ಟೇಷನ್ ಕಡಿ ಒಂದು ಅಂಗಡಿ ಮುಚ್ಯಾರ. ಅದರ ಮುಂದ ತಗಡು ಅದ, ನೆಳ್ಳದ. ಇಲ್ಲಿ ನೋಡ್ರಿ, ಪಲ್ಯಕ್ಕಿಂತ ಮದ್ಲ ನಾ ಬಾಡಾಕತ್ತೀನಿ.”

ಸತ್ಯಭಾಮಾಬಾಯಿ ಗೇಟಿನ ಮೇಲಿಂದ ಇಣುಕಿದರು. ಕಂಪೌಂಡಿನ ಕಬ್ಬಿಣದ ಸರಳಿಗೆ ಹಳೆ ಸೀರೆ ಕಟ್ಟಿ, ಅದರ ಇನ್ನೊಂದು ತುದಿಯನ್ನು ತಲೆಯ ಮೇಲೆ ಹೊದ್ದು ಬೂದೆಮ್ಮ ಕೂತಿದ್ದಳು. ತೋಯಿಸಿದ ಗೋಣಿಚೀಲ ಪಲ್ಯದ ಮೇಲಿತ್ತು, ಅವಳ ಮೇಲೆ ಆ ತೆಳು ಸೀರೆಯಷ್ಟೇ. ಬುತ್ತಿಯ ಗಂಟು ಮೊಣಕಾಲಿನ ಬಳಿ.

“ನೆರಳು ಅಂದ್ರ ಅಷ್ಟೇನಾ?” ಎಂದರು, ಏನು ಕೇಳುತ್ತಿದ್ದೇನೆಂದು ತಮಗೇ ತಿಳಿಯದೆ.

“ಇನ್ನೇನ್ ಮತ್ತ? ನನ್ನ ಗಂಡ ಗದ್ದೆಪ್ಪಗ ಈಗೇ ಸಾಕಾಗ್ಯಾದ. ಮನ್ಯಾಗ ಕುಂತು, ನೀ ಅಡಗಿಗಿ ಉಳ್ಳಾಗಡ್ಡಿ ಹಾಕಂಗಿಲ್ಲ, ಬಿಸಲಾಗ ಕುಂತು ಬುದ್ಧಿ ಸುಟ್ಕೊಂಡೀದಿ ಅಂತ ಬೈತಾನ.” ಬೂದೆಮ್ಮ ನಕ್ಕಳು. “ನಾಳಿ ಹೋಗಂಗಿಲ್ರಿ. ಸುಮ್ನ ಹೇಳಿಟ್ಟೆ.”

ಸತ್ಯಭಾಮಾಬಾಯಿ ಒಳಗೆ ಬಂದು ಕೂತರು. ಬೆಳಿಗ್ಗೆ ಬೂದೆಮ್ಮ ಬಂದು ಗೋಣಿ ಕೊಡವಿ ಹಾಸುವ ಸದ್ದಿಗೇ ಅವರಿಗೆ ಎಚ್ಚರವಾಗುತ್ತಿದ್ದದ್ದು. ಮಾಘದಿಂದೀಚೆಗೆ ಆ ಮನೆಯ ಸುತ್ತ ಬದಲಾಗದೆ ಉಳಿದಿದ್ದ ಸದ್ದು ಅದೊಂದೇ. ಅದೂ ಹೋದರೆ? ಹೋಗಲಿ ಅನ್ನಿಸಲಿಲ್ಲ. ಇಷ್ಟು ತಿಂಗಳಲ್ಲಿ ಬೇಡ ಅನ್ನಿಸಿದ ಮೊದಲನೆಯ ಸಂಗತಿ ಅದು. ಅಣ್ಣನ ಮಗ ಗುರುಪ್ರಸನ್ನನಿಗೆ ಫೋನು ಹಚ್ಚಿದರು.

ಗುರುಪ್ರಸನ್ನ ಮಾನ್ವಿಯಲ್ಲಿ ಮಾಸ್ತರ. ರವಿವಾರ ಕಾರು ತಂದ. ಬಂದವನೇ ತೆಗ್ಗಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಅತ್ಯಾ, ಸಾವಾದ ಮನಿ ಮುಂದ ತೆಗ್ಗು ತೆರದಿಡಬಾರದು. ಒಂದೋ ಗಿಡ ಹಚ್ಚು, ಇಲ್ಲಾ ಮುಚ್ಚಿ ಫರಸಿ ಹಾಸಿಬಿಡ್ತೀನಿ. ನನ್ನ ಕಾರರೆ ನಿಂದರ್ತದ.”

“ಗಿಡ ಹಚ್ಚೋಣ. ಯಾವುದು ಅಂತ ತಿಳೀಲಿಕ್ಕೆ ನಿನ್ನ ಕರದೆ.”

“ಅದರಾಗ ತಿಳೀಲಿಕ್ಕೆ ಏನದ? ಶ್ರೀ ಅತ್ಯಾ ಬೇವು ಅಂದಿದ್ಲು. ಬೇವೇ.”

“ಎರಡು ಸತ್ತವು.”

“ಮತ್ತ ಹೊಂಗಿ. ನೀನರೆ ಆವಾಗಿಂದ ಹೊಂಗಿ ಹೊಂಗಿ ಅಂತಿದ್ದಿ.”

ಅದು ನಿಜ. ಬಾದಾಮಿ ಬಿದ್ದ ವಾರ ಅಕ್ಕ ತಂಗಿಯರ ನಡುವೆ ಇದೇ ಜಗಳ. ಹೊಂಗೆ ಬೇಗ ಬರುತ್ತದೆ, ಎಲೆ ಅಗಲ, ನೆರಳು ದಟ್ಟ ಎಂದು ಸತ್ಯಭಾಮಾಬಾಯಿ ಪಾಠ ಮಾಡಿದ್ದರು. ಶ್ರೀಲಕ್ಷ್ಮೀ ಎಲ್ಲ ಕೇಳಿ, ‘ಬೇವು ಹಚ್ಚಿದ್ರ ನಿನಗ ಮಾನ್ವಿ ವಾಸನಿ ಬರ್ತದ ಅಕ್ಕಾ’ ಎಂದಿದ್ದಳು. ‘ವಾಸನಿ ಹಿತ್ತಿಲಿಗೆ ಬರ್ತದಲ್ಲ’ ಎಂದು ಇವರು. ‘ಅದು ಮಂದೀದು’ ಎಂದು ಅವಳು. ಅಲ್ಲಿಗೆ ಮುಗಿದಿತ್ತು.

ಕಾರಿನಲ್ಲಿ ಗುರುಪ್ರಸನ್ನ ನೀರಿನ ಬಾಟಲಿ ಕೊಟ್ಟ. ಮುಚ್ಚಳ ಆಗಲೇ ಸಡಿಲ ಮಾಡಿಟ್ಟಿದ್ದ. ಮಾತಿನಲ್ಲಿ ಒರಟ, ಆದರೆ ಇಂಥದನ್ನು ಮರೆಯುವವನಲ್ಲ. ದಾರಿಯ ಎರಡೂ ಕಡೆ ಹೊಲಗಳಲ್ಲಿ ಹತ್ತಿಯ ಸಾಲು ಈಗಷ್ಟೇ ಮೂಡಿತ್ತು. ಸತ್ಯಭಾಮಾಬಾಯಿ ನೋಡಿದರು. ಹಸಿರು ಹಸಿರಾಗಿದೆ ಎಂದು ತಿಳಿಯಿತು, ಅಷ್ಟೇ.

ಮಾನ್ವಿಯ ದಾರಿಯಲ್ಲೇ ಕಲ್ಲೂರಿನ ಹತ್ತಿರ ಗುರುಪ್ರಸನ್ನನಿಗೆ ಪರಿಚಯವಿದ್ದ ಜಾಹೆದಾ ಎಂಬ ಹೆಂಗಸಿನ ಸಸಿ ತೋಟವಿತ್ತು. ಐವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಸತ್ಯಭಾಮಾಬಾಯಿಯನ್ನು ಕಂಡವಳೇ ಹಸಿರು ಪರದೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಎಳೆದು, ಸೆರಗಿನಿಂದ ಒರೆಸಿದಳು.

“ಕುಂದರ್ರಿ ಅಮ್ಮಾ. ಏನು ಬೇಕು, ಹೂವಾ, ಹಣ್ಣಾ?”

“ನೆರಳು ಬೇಕವ್ವಾ. ಬೇವೋ ಹೊಂಗಿಯೋ ತಿಳೀವಲ್ದು.”

“ಅರೆ! ನೆರಳಿಗೆ ಇಷ್ಟು ದೂರ ಬಂದ್ರಾ? ಎರಡೂ ದಾರ್ಯಾಗ ಪುಗಸಟ್ಟೆ ಬೆಳೀತಾವು.” ಎಂದು ನಕ್ಕು, ಎರಡೂ ಸಸಿಗಳನ್ನು ತಂದು ಅವರ ಕಾಲ ಬಳಿ ಇಟ್ಟಳು. “ಕೇಳ್ರಿ. ಬೇವು ಮದ್ಲ ಎರಡು ವರ್ಷ ಬೇರು ಕೆಳಗ ಬಿಡ್ತದ, ಮ್ಯಾಲ ಏನೂ ತೋರ್ಸಲ್ಲ. ಮಾಲಕರಿಗಿ ಬೇಜಾರು. ಹೊಂಗಿ ಹಂಗಲ್ಲ, ಬಂದ ವರ್ಷನೇ ಕೈಕಾಲು ಚಾಚ್ತದ. ಗದ್ವಾಲದ ತೆಲುಗು ಮಂದಿ ಬಂದು ಇದನ್ನೇ ಕಾನುಗ ಕಾನುಗ ಅಂತ ಗಾಡಿ ತುಂಬ ಒಯ್ತಾರ.”

“ಅದರ ಕೆಳಗಿನ ಟೊಂಗೆ ಸವರಬೇಕಲ್ಲ,” ಎಂದರು ಸತ್ಯಭಾಮಾಬಾಯಿ. “ಬಿಟ್ಟರ ನೆಲಕ್ಕೆ ಹರಡ್ತದ.”

“ಹೌದು ಮತ್ತ. ಸಣ್ಣಾಗಿದ್ದಾಗ ಸವರಿ ಎತ್ತರ ಮಾಡ್ಕೋಬೇಕು. ಕಾಯಿ ಉದುರ್ತಾವ, ಹೂವು ಉದುರ್ತಾವ, ಎಲಿ ಮ್ಯಾಲ ಗುಳ್ಳಿ ಏಳ್ತಾವ. ಆದ್ರ ಆಡು ತಿನ್ನಂಗಿಲ್ಲ. ಬೇವಿನ ಚಿಗರು ಆಡು ಬಿಡಂಗಿಲ್ಲ.”

“ಎಲಿ ಉದುರೂದು?” ಎಂದು ಗುರುಪ್ರಸನ್ನ ಕೇಳಿದ. ಕಾರಿನ ಆಸೆ ಅವನಿಗೆ ಇನ್ನೂ ಪೂರ್ತಿ ಹೋಗಿರಲಿಲ್ಲ.

“ಎರಡೂ ಬ್ಯಾಸಗಿ ಮುಂದ ಉದುರಸ್ತಾವ ಸರ್. ಹೊಂಗಿ ಲಗೂನ ಮತ್ತ ಹಸರಾಗ್ತದ. ಬೇವಿಗಿ ಈಗೀಗ ಒಂದು ರೋಗ ಬಂದದ, ಮಳಿ ಮುಗಿಯೂ ಹೊತ್ತಿಗಿ ಟೊಂಗಿ ತುದಿ ಸುಟ್ಟಂಗ ಆಗ್ತಾವ. ಸತ್ತೇ ಹೋತು ಅಂತ ಮಂದಿ ಕಡೀತಾರ. ಸಾಯಂಗಿಲ್ಲ ಅದು. ಕಾಯಬೇಕು.”

“ನಮ್ಮವು ಸಸಿ. ಎರಡು ಸತ್ತವು.”

“ಬೇವು ಸುಮ್‌ಸುಮ್ನ ಸಾಯಂಗಿಲ್ಲಮ್ಮಾ. ನೀರು ನಿಂತಿರಬೇಕು.”

“ತೆಗ್ಗಿನ ಕೆಳಗ ಗರಸು ಮಣ್ಣು. ನೀರು ನಿಲ್ಲಂಗಿಲ್ಲ.” ಹಾಗೆ ಹೇಳುತ್ತಿದ್ದಂತೆ, ಹಿತ್ತಿಲ ಗೋಡೆಯಾಚೆಯ ಬೇವು ಅದೇ ಮಣ್ಣಿನಲ್ಲಿ ಮನೆಗಿಂತ ಎತ್ತರ ನಿಂತಿದೆಯಲ್ಲ ಎಂಬುದು ಸತ್ಯಭಾಮಾಬಾಯಿಯ ತಲೆಗೆ ಬಂತು. ಮೊದಲೇ ಯಾಕೆ ಬರಲಿಲ್ಲವೋ. ಶ್ರೀಲಕ್ಷ್ಮೀ, ನೀರು ಸಾಲದಾಯಿತೇನೋ ಎಂದು ತನ್ನನ್ನೇ ಬೈದುಕೊಂಡಿದ್ದಳು.

ಬಿಸಿಲು ಸರಿದಿತ್ತು. ಜಾಹೆದಾ ಮಾತು ನಿಲ್ಲಿಸದೆಯೇ ಅವರ ಕುರ್ಚಿಯನ್ನು ಅವರ ಸಮೇತ ಒಂದಿಷ್ಟು ನೆರಳಿಗೆ ಎಳೆದಳು. ಮುದುಕಿ ಯಾವುದನ್ನೂ ಆರಿಸುವ ಸ್ಥಿತಿಯಲ್ಲಿಲ್ಲ ಎಂದು ಅವಳಿಗೆ ತಿಳಿದಿರಬೇಕು.

“ಎರಡೂ ಒಯ್ರಿ ಅಮ್ಮಾ. ಮನಿ ಮುಂದ ಇಟ್ಟು ನೋಡ್ರಿ. ಬ್ಯಾಡಾದದ್ದು ಈ ಮಾಸ್ತರ ಮಾನ್ವಿಗಿ ಹೋಗೂವಾಗ ವಾಪಸ್ ಇಳಸ್ಲಿ.” ಎರಡರ ಬೇರಿನ ಮಣ್ಣಿಗೂ ತೋಯಿಸಿದ ಗೋಣಿ ಸುತ್ತಿ, ಗಾಳಿಗೆ ತುದಿ ಮುರಿಯದಂತೆ ಕಾರಿನೊಳಗೆ ಮಲಗಿಸಿದಳು.

ಮನೆಗೆ ಬಂದಾಗ ಇಳಿಹೊತ್ತು. ಬೂದೆಮ್ಮ ಇನ್ನೂ ಕೂತಿದ್ದಳು. ಪುಂಡಿಪಲ್ಯದ ಕಡೆಯ ಸಿವುಡುಗಳಿದ್ದವು. ಗುರುಪ್ರಸನ್ನ ಪಂಚೆ ಎತ್ತಿ ಕಟ್ಟಿ, ಸಲಿಕೆ ಹಿಡಿದು ತೆಗ್ಗಿಗೆ ಇಳಿದ. ಒಂದು ಸಲ ಹಾಕಿದವನೇ ಮುಖ ಸಿಂಡರಿಸಿದ.

“ಅತ್ಯಾ, ಏನಿದು? ಗದ್ದಿ ಆಗ್ಯದ.”

ಸತ್ಯಭಾಮಾಬಾಯಿ ಅಂಚಿನಲ್ಲಿ ಬಗ್ಗಿದರು. ಮಣ್ಣಿನ ಮೇಲೆ ಒಂದು ಹಾಸು. ಕೊಳೆತ ಸೇವಂತಿಗೆ, ಕಪ್ಪಾದ ತುಳಸಿ ದಳ, ಅರಿಸಿನ ಕುಂಕುಮದ ಬಣ್ಣ, ಅಕ್ಷತೆ, ಮತ್ತು ಎಳೆ ಎಳೆಯಾಗಿ ನೆನೆದ ಗೆಜ್ಜೆವಸ್ತ್ರದ ಹತ್ತಿ. ದೇವರಿಗೆ ಏರಿಸಿ ತೆಗೆದ ಹೂವು, ಪೂಜೆಯ ಪಾತ್ರೆ ತೊಳೆದ ನೀರು ತುಳಿಯುವ ಕಡೆ ಬೀಳಬಾರದು. ಬಾದಾಮಿಯ ಬುಡಕ್ಕೆ ಯಾರೂ ಕಾಲಿಡುತ್ತಿರಲಿಲ್ಲವಾದ್ದರಿಂದ ದಿನವೂ ಅಲ್ಲಿಗೇ ಹಾಕುತ್ತಿದ್ದರು. ದೊಡ್ಡ ಮರ, ತಡೆದುಕೊಂಡಿತ್ತು. ಮರ ಹೋದ ಮೇಲೂ ಆ ಮೂಲೆ ತಪ್ಪಲಿಲ್ಲ. ಸಸಿ ಇದ್ದಾಗ ಸಸಿಯ ಬುಡಕ್ಕೆ. ಸಸಿ ಇಲ್ಲದಾಗ ಬರಿ ತೆಗ್ಗಿಗೆ. ಮಾಘದಿಂದೀಚೆಗೆ ತಾವು ಏನು ಮಾಡುತ್ತಿದ್ದೇವೆಂದು ನೋಡದೆಯೇ ಕೈ ತಾನಾಗಿ ಹೋಗಿ ಸುರಿದು ಬರುತ್ತಿತ್ತು.

ಹಾಸಿನ ನಡುವೆ ಎರಡನೆಯ ಸಸಿಯ ಒಣಕಡ್ಡಿ ಇನ್ನೂ ನಿಂತಿತ್ತು. ಗುರುಪ್ರಸನ್ನ ಅದನ್ನು ಎಳೆದಾಗ ಅನಾಯಾಸವಾಗಿ ಬಂತು. ಬುಡಕ್ಕೆ ಹತ್ತಿಯ ಎಳೆ ಬಿಗಿಯಾಗಿ ಸುತ್ತಿಕೊಂಡಿತ್ತು. ಬಿಡಿಸಿದರೆ ತೊಗಟೆ ಮೆತ್ತಗೆ ಜಾರಿ ಬೆರಳಿಗೆ ಬಂತು.

ಎಳೆಯ ಗಿಡದ ಕಾಂಡ ಮಣ್ಣಿಗೆ ಸೇರುವ ಜಾಗ ಒಣಗಿರಬೇಕು ಎಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಅವರು ಎಷ್ಟು ವರ್ಷ ಹೇಳಿದ್ದರೋ. ಆ ಮಾತು ಶಾಲೆಯದು, ಈ ಹೂವು ದೇವರ ಮನೆಯದು. ಎರಡೂ ಒಂದೇ ಅಂಗಳದಲ್ಲಿ ಸೇರಿದ್ದವೆಂದು ತಲೆಗೆ ಹೊಳೆದಿರಲಿಲ್ಲ. ಏನಾದರೂ ಅನ್ನಿಸಬೇಕಿತ್ತು. ಅನ್ನಿಸಿದ್ದು ಕೈ ತಣ್ಣಗಿದೆ ಎಂಬುದಷ್ಟೇ. ಆದರೆ ಒಂದು ವಸ್ತು ತಣ್ಣಗಿದೆ ಎಂದು ಅವರಿಗೆ ತಿಳಿದು ಬಹಳ ದಿನವಾಗಿತ್ತು.

“ಹಂಗಾದ್ರ ಬೇವಿನ ತಪ್ಪಿಲ್ಲ,” ಎಂದ ಗುರುಪ್ರಸನ್ನ, ಅತ್ತೆಯ ಮುಖ ನೋಡದೆ, ಹಾಸನ್ನೆಲ್ಲ ಬುಟ್ಟಿಗೆ ತುಂಬುತ್ತ. “ಇದನ್ನೆಲ್ಲ ಹಿತ್ತಿಲದಾಗ ಬ್ಯಾರೆ ಕುಣಿ ತಗದು ಮುಚ್ಚತೀನಿ. ಗೊಬ್ಬರ ಆಗ್ತದ, ಯಾರೂ ತುಳಿಯೂದಿಲ್ಲ. ಬೇವೇ ಹಚ್ಚಿಬಿಡು ಅತ್ಯಾ. ಶ್ರೀ ಅತ್ಯಾನ ಮನಸ್ಸಿನಾಗ ಇದ್ದದ್ದು ಅದೇ.”

ಎರಡು ಸಸಿಗಳೂ ಗೋಡೆಗೆ ಒರಗಿ ನಿಂತಿದ್ದವು. ಬೇವು ಕಡ್ಡಿಯಂತೆ ಸಣ್ಣಗೆ, ತುದಿಯಲ್ಲಿ ಕೆಂಪು ಚಿಗುರು. ಹೊಂಗೆ ಆಗಲೇ ಮೈತುಂಬಿ, ಎಣ್ಣೆ ಹಚ್ಚಿದಂತೆ ಹೊಳೆಯುವ ಎಲೆ. ಸತ್ಯಭಾಮಾಬಾಯಿ ಎರಡನ್ನೂ ನೋಡಿದರು. ಆಮೇಲೆ ಗೇಟಿನ ಕಡೆ ಹೋದರು.

“ಬೂದೆಮ್ಮಾ, ನಿನಗ ಯಾವ ಗಿಡ ಬೇಕು?”

ಬೂದೆಮ್ಮ ತಲೆಯೆತ್ತಿದಳು. “ನನ್ನನ್ಯಾಕ ಕೇಳ್ತೀರ್ರಿ? ಗಿಡ ನಿಮ್ದು.”

“ನೆರಳು ನಿಂದಲ್ಲೇನು?”

“ನೆಳ್ಳು ಬೇಕ್ರಿ, ಅದರ ಹೆಸರು ತಗೊಂಡು ಏನ್ ಮಾಡ್ಲಿ?” ಎಂದಳು. ಆಮೇಲೆ ಎದ್ದು ಗೇಟಿನ ಸಂದಿನಿಂದ ಸಸಿಗಳನ್ನು ನೋಡಿದಳು. “ಬ್ಯಾವಿಗಿ ಕಾಗಿ ಭಾಳ ಬರ್ತಾವ. ಹಣ್ಣು ತಿಂದು ನನ್ನ ಪಲ್ಯದ ಮ್ಯಾಲೆ ಕೂಡ್ತಾವ. ಸಣ್ಣವ್ವಾರಿಗಿ ಅದನ್ನ ಹೇಳಿದ್ದೆ. ಕಾಗಿಗೂ ನಾನೇ ಹೇಳ್ತೀನಿ ಬಿಡು ಅಂದ್ರು. ನಗಿಸಿ ಸಾಯಸ್ತಿದ್ರು.” ಶ್ರೀಲಕ್ಷ್ಮೀ ಅವಳ ಬಾಯಲ್ಲಿ ಸಣ್ಣವ್ವಾರು. ತನ್ನ ಗೋಣಿಯ ಕಡೆ ತಿರುಗಿ, “ಯಾವ್ದೇ ಹಚ್ರಿ, ಅದು ದೊಡ್ಡದಾಗೂತನಕ ನಾ ಎಲ್ಲಿ ಕುಂದರ್ಲಿ? ಮೂರ್ನಾಕು ಬ್ಯಾಸಗಿ ಅಂತೂ ಬೇಕು,” ಎಂದಳು.

ಸತ್ಯಭಾಮಾಬಾಯಿ ಹಿಂದೆ ತಿರುಗಿ ತಮ್ಮ ಅಂಗಳ ನೋಡಿದರು. ಬಾಗಿಲ ಪಕ್ಕದ ಕಟ್ಟೆ. ಅದರ ಮೇಲೆ ಸಜ್ಜಾ. ಅಲ್ಲಿ ಬೆಳಿಗ್ಗೆಯಿಂದ ಇಳಿಹೊತ್ತಿನತನಕ ನೆರಳು. ಶ್ರೀಲಕ್ಷ್ಮೀ ಅಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಳು. ಮಾಘದಿಂದ ಯಾರೂ ಕೂತಿರಲಿಲ್ಲ. ಹೊರಗಿನವರು ಗೇಟಿನ ಆಚೆಯೇ ನಿಂತು ಮಾತಾಡುವುದು ಆ ಮನೆಯ ಪದ್ಧತಿ. ಯಾರು ಹಾಕಿದ ಪದ್ಧತಿಯೋ. ಅದನ್ನು ಕೇಳಿದವರೇ ಇರಲಿಲ್ಲ.

ಚಿಲಕ ತೆಗೆದು ಗೇಟನ್ನು ಪೂರ್ತಿ ಒಳಗೆ ತಳ್ಳಿದರು. ಮತ್ತೆ ಮುಚ್ಚದಂತೆ ಒಂದು ಕಲ್ಲು ಇಟ್ಟರು.

“ಒಳಗ ಬಂದು ಕಟ್ಟಿ ಮ್ಯಾಲೆ ಕೂಡು. ಗಿರಾಕಿಗಳಿಗೆ ಗೇಟಿನಿಂದ ಕಾಣ್ತೀ.”

ಬೂದೆಮ್ಮ ಗುರುಪ್ರಸನ್ನನ ಕಡೆ ನೋಡಿದಳು. ಅವನು ಬುಟ್ಟಿ ಹೊತ್ತು ಹಿತ್ತಿಲ ಕಡೆ ನಡೆದುಬಿಟ್ಟ.

“ನನ್ನ ಗೋಣಿ ಕಟ್ಟಿ ಎಲ್ಲಾ ರಾಡಿ ಮಾಡ್ತದ ಅವ್ವಾರ.”

“ತೊಳೀತೀವಿ.”

“ಒದರೇ ಮಾರಾಕಿ ನಾನು. ನಿಮಗ ನಿದ್ದಿ ಬರಂಗಿಲ್ಲ.”

“ಈಗರೆ ಎಲ್ಲಿ ಬರ್ತದ?”

ಬೂದೆಮ್ಮನಿಗೆ ಬೇಗ ನೆರಳಾಗಲೆಂದು ಹೊಂಗೆಯನ್ನೇ ನೆಟ್ಟರು. ಬೂದೆಮ್ಮ ಸಸಿಯನ್ನು ನೆಟ್ಟಗೆ ಹಿಡಿದಳು, ಗುರುಪ್ರಸನ್ನ ಮಣ್ಣು ಎಳೆದ. ಬುಡದ ಸುತ್ತ ಒಂದು ಗೇಣು ಖಾಲಿ ಬಿಟ್ಟು, ನೀರು ಆಚೆ ಹರಿಯುವಂತೆ ಸತ್ಯಭಾಮಾಬಾಯಿ ಪಾತಿ ಹಾಕಿಸಿದರು. ಬೇವನ್ನು ಗುರುಪ್ರಸನ್ನ ಕಾರಿನೊಳಗೆ ಮಲಗಿಸಿದ. “ಕಲ್ಲೂರಾಗ ಇಳಸೂದಿಲ್ಲ ಅತ್ಯಾ. ನಮ್ಮ ಶಾಲ್ಯಾಗ ಹಚ್ತೀನಿ. ಮಾನ್ವ್ಯಾಗ ಇರ್ಲಿ,” ಎಂದ. ಹೋಗುವಾಗ ಗೇಟಿನ ಕಲ್ಲನ್ನು ಕಾಲಿನಿಂದ ಒತ್ತಿ ಇನ್ನೂ ಭದ್ರ ಮಾಡಿ ಹೋದ.

ಮರುದಿನ ಗೋಣಿ ಕೊಡವುವ ಸದ್ದು ಗೋಡೆಯಾಚೆಯಿಂದ ಬರಲಿಲ್ಲ, ಬಾಗಿಲ ಪಕ್ಕದಿಂದಲೇ ಬಂತು. ಸತ್ಯಭಾಮಾಬಾಯಿ ಬೆಚ್ಚಿ ಎದ್ದರು. ಸ್ನಾನ, ಪೂಜೆ ಮುಗಿಸಿ ದೇವರ ಹೂವನ್ನು ಕೈಯಲ್ಲಿ ಹಿಡಿದು ಅಭ್ಯಾಸಬಲದಿಂದ ಮುಂಬಾಗಿಲಿಗೆ ಬಂದರು. ಬೂದೆಮ್ಮ ಗದ್ದ ಎತ್ತಿ ಹಿತ್ತಿಲ ಕಡೆ ತೋರಿಸಿದಳು. ಇವರು ತಿರುಗಿ ಒಳಗೆ ಹೋದರು.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಸತ್ಯಭಾಮಾಬಾಯಿ ಹೊರಗೆ ಬಂದು ಕಟ್ಟೆಯ ಈ ತುದಿಯಲ್ಲಿ ಕೂತರು. ಹೊಂಗೆಯ ಎರಡು ಎಲೆ ಬಾಡಿ ಜೋತುಬಿದ್ದಿದ್ದವು. ಹೊಸ ಜಾಗದಲ್ಲಿ ಅಷ್ಟು ಸಹಜ. ಬೂದೆಮ್ಮ ಬುತ್ತಿಯ ಗಂಟು ಬಿಚ್ಚಿದಳು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರೊಟ್ಟಿಯನ್ನು ಬೇರೆ ಬೇರೆ ಬಟ್ಟೆಯಲ್ಲಿ ಎರಡು ಪಾಲು ಕಟ್ಟಿದ್ದಳು.

“ಗದ್ದೆಪ್ಪನೂ ಬರ್ತಾನೇನು?” ಎಂದರು ಸತ್ಯಭಾಮಾಬಾಯಿ.

“ಅಂವಾ ಯಾಕ ಬರ್ತಾನ್ರಿ?” ಬೂದೆಮ್ಮ ಪಲ್ಯ ಬಡಿಸುತ್ತ ಹೇಳಿದಳು. “ಸಣ್ಣವ್ವಾರು ದಿನಾ ಪಲ್ಯ ಒಯ್ಯಾಕ ಬರೂ ನೆಪದಾಗ ನನ್ನ ಕೂಡ ಒಂದು ರೊಟ್ಟಿ ತಿಂದು ಹೋಗ್ತಿದ್ರು. ಅವರ ಸಲುವಾಗಿ ಉಳ್ಳಾಗಡ್ಡಿ ಬಿಟ್ಟೆ. ಎರಡು ಪಾಲು ಕಟ್ಟೂದು ರೂಢಿ ಆಗ್ಯಾದ. ಈಗೂ ಕಟ್ಟಿ ಬಿಡ್ತೀನಿ. ಸಂಜಿಗಿ ಆಕಳಿಗಿ ಹಾಕ್ತೀನಿ.”

ಹಸಿವಿಲ್ಲ ಅಕ್ಕಾ, ನೀ ಉಣ್ಣು ಎಂದು ಶ್ರೀಲಕ್ಷ್ಮೀ ಮಧ್ಯಾಹ್ನ ಹೊತ್ತು ಎಷ್ಟೋ ಸಲ ಅಂದದ್ದು ಸತ್ಯಭಾಮಾಬಾಯಿಗೆ ನೆನಪಾಯಿತು. ಅವಳ ಸೀರೆಯ ಅಂಚಿಗೆ ಜೋಳದ ಹಿಟ್ಟು ಹತ್ತಿರುತ್ತಿತ್ತು.

ಪುಂಡಿಪಲ್ಯದ ಹುಳಿ ವಾಸನೆ ಸಣ್ಣಗೆ, ಎಲ್ಲೋ ದೂರದಿಂದ ಎಂಬಂತೆ ಮೂಗಿಗೆ ತಾಗಿತು. ಬೂದೆಮ್ಮ ಎರಡನೆಯ ಪಾಲಿನ ಬಟ್ಟೆ ಬಿಚ್ಚಿ, ರೊಟ್ಟಿಯ ಮೇಲೆ ಪಲ್ಯ ಹಾಕಿ, ಮುರಿಯಲು ಕೈಗೆ ಕಷ್ಟವಾಗದಂತೆ ತಾನೇ ನಾಲ್ಕು ತುಂಡು ಮಾಡಿ, ಕಟ್ಟೆಯ ಮೇಲಿಂದ ಅವರ ಕಡೆ ಚಾಚಿದಳು.